ತಂತಿಯ ಈ ತುದಿ

"ಒತ್ತಲೇನ, ಬೇಟಾ?"

ಮದರಬಿಯ ಬೆರಳು ಕೆಂಪು ಪೆಟ್ಟಿಗೆಯ ಗುಂಡಿಯ ಮೇಲಿತ್ತು. ಇನ್ನೊಂದು ಕೈಯಲ್ಲಿ ಫೋನು. ಅವಳು ನಿಂತದ್ದು ಕಾಲೇಜಿನ ಗೇಟಿನ ಪಕ್ಕದ ವಾಚ್‌ಮನ್ ಕೋಣೆಯಲ್ಲಿ. ಸೊಸೆ ಹಿನಾಕೌಸರ ಮೈದಾನದ ಆಚೆ, ಹುಡುಗಿಯರ ಹೊಸ ಹಾಸ್ಟೆಲಿನ ಬಾಗಿಲ ಹತ್ತಿರ ಇದ್ದಳು. ನಡುವೆ ಬೇವಿನ ಮರಗಳು ಅಡ್ಡ ಬಂದು ಆ ಬಾಗಿಲು ಇಲ್ಲಿಂದ ಕಾಣುತ್ತಿರಲಿಲ್ಲ.

"ತಡೀರಿ ಅಮ್ಮಿ. ಸಾವಕಾರ್ರು ಈಗ ಬಂದ್ರು. ನಾ ಹೇಳತೇನಿ."

"ಚಾಚೀ, ಹಂಗ ಬೆರಳ ಇಟಗೊಂಡು ನಿಂದರಬ್ಯಾಡ್ರಿ," ಎಂದ ವಾಚ್‌ಮನ್ ಸತ್ಯಪ್ಪ. "ನಿಮಗೊಂದು ಕೆಮ್ಮು ಬಂತಂದ್ರ ಇಡೀ ಬೈಲಹೊಂಗಲ ಇಲ್ಲಿ ಕೂಡತೈತಿ."

"ನೀ ಮುಟ್ಟಾಕ ಅಂಜಿದ್ದಕ್ಕ ನಾ ನಿಂತೇನಿ."

"ಅಂಜಿಕಿ ಅಲ್ರಿ ಅದು. ಮರ್ಯಾದಿ."

ಮದರಬಿ ಮೊದಲ ದಿನ ಬಂದದ್ದು ಜೊತೆಗಿರಲೆಂದು. ಗಂಡನಿಲ್ಲದ ಹುಡುಗಿ, ಗಂಡಸರ ನಡುವೆ ಏಣಿ ಹತ್ತಿ ವೈರಿಂಗ್ ಕೆಲಸ ಮಾಡುತ್ತಾಳೆ. ಹಿರಿಯಳೊಬ್ಬಳು ಕಣ್ಣಳತೆಯಲ್ಲಿ ಕುಳಿತರೆ ಊರ ಬಾಯಿಗೆ ಬೀಗ. ಆದರೆ ಈ ಕೆಲಸಕ್ಕೆ ಎರಡು ತುದಿ. ಆ ತುದಿಯಲ್ಲಿ ಹಿನಾ ನಿಂತರೆ ಈ ತುದಿಗೊಬ್ಬರು ಬೇಕು. ಊಟದ ಡಬ್ಬಿ ಬದಿಗಿಟ್ಟು ಮದರಬಿ ಎದ್ದಳು. ಈಗ ಪೆಟ್ಟಿಗೆಯೊಳಗಿನ ಸ್ಕ್ರೂಗಳೆಲ್ಲ ಅವಳಿಗೆ ಮನೆಯ ಮಸಾಲೆ ಡಬ್ಬಿಗಳಷ್ಟು ಪರಿಚಯ.

ಸೊಸೆ ಅವಳಿಗೆ ತಿಳಿಯುವಂತೆ ಹೇಳಿಕೊಟ್ಟಿದ್ದಳು. ಬಾಗಿಲ ಮೇಲೆ ಒಂದು ಅಯಸ್ಕಾಂತ. ಅದಕ್ಕೆ ಕರೆಂಟು ಇರುವವರೆಗೂ ಬಾಗಿಲು ಬಿಡುವುದಿಲ್ಲ. ಊರಿನ ಕರೆಂಟು ಹೋದರೆ ಅಲ್ಲೇ ಇಟ್ಟ ಬ್ಯಾಟರಿ ಅದನ್ನು ಹಿಡಿದಿಡುತ್ತದೆ. ಬೆಂಕಿ ಬಿದ್ದರೆ ಮಾತ್ರ ಬಿಡಬೇಕು. ಬೆಂಕಿಯ ಸುಳಿವು ಸಿಗುವುದೋ ಇಷ್ಟು ದೂರದ ಈ ಕೆಂಪು ಪೆಟ್ಟಿಗೆಗೆ. "ಅದಕ್ಕ ಅಮ್ಮಿ, ಇಲ್ಲಿಂದ ಅಲ್ಲಿಗೆ ವೈರಿನಾಗ 'ಎಲ್ಲಾ ಚಲೋ ಐತಿ' ಅಂತ ಒಂದ ಮಾತು ಹೋಗತಿರಬೇಕು. ಮಾತು ನಿಂತ್ರ ಏನೋ ಆಗೇತಿ ಅಂತನ ತಿಳದು ಬಾಗಲಾ ಬಿಡಬೇಕು."

"ಈಗ ಒತ್ತರಿ," ಎಂದಿತು ಫೋನು.

ಒತ್ತಿದಳು. ಗಂಟೆ ಹೊಡೆದುಕೊಂಡಿತು. ಕೋಣೆಯ ಮಾಡಿನ ಪಾರಿವಾಳಗಳು ಹಾರಿದವು. ಫೋನಿನಲ್ಲಿ ಬಾಗಿಲು ಬಿಟ್ಟದ್ದು ಟಕ್ ಎಂದು ಕೇಳಿತು, ಆಮೇಲೆ ಚಪ್ಪಾಳೆ. ಸತ್ಯಪ್ಪ ಮದರಬಿಗೆ ಒಂದು ಸಲಾಮು ಹೊಡೆದ.

ಗಂಟೆ ನಿಲ್ಲಿಸಿದ ಮೇಲೆ ಫೋನಿನಲ್ಲಿ ಸಾವಕಾರ ನಿಜಗುಣಪ್ಪನವರ ದನಿ ಬಂತು. ಕಾಲೇಜಿನ ಸಂಸ್ಥೆಗೆ ಅವರೇ ಅಧ್ಯಕ್ಷರು. "ಚಲೋ ಆತವಾ. ಕರೆಂಟ್ ಹೋದ್ರ ಬಿಡೂದಿಲ್ಲ, ಅದೂ ನೋಡಿದೆ. ಮತ್ತ ಈ ವೈರ್ ಹರದ್ರ?"

"ಅಮ್ಮಿ, ಹಳದಿ ವೈರಿನ ಸ್ಕ್ರೂ ಸಡಲ ಮಾಡಿ ಎಳೀರಿ."

ಮದರಬಿ ಎಳೆದಳು. ಮತ್ತೆ ಟಕ್. ಬಾಗಿಲ ಹತ್ತಿರದ ಹೂಟರ್ ಕೂಗತೊಡಗಿತು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

"ಇದೇನವಾ! ಯಾವನರ ಪೋಕರಿ ಬಂದು ವೈರ್ ಕತ್ತರಿಸಿದಾ ಅಂದ್ರ ಹೆಣ್ಮಕ್ಕಳ ಹಾಸ್ಟೆಲ್ ಬಾಗಲಾ ತಗೀತೈತಿ?"

"ತಗೀತೈತ್ರಿ. ಹೂಟರೂ ಕೂಗತೈತಿ."

"ಬ್ಯಾಡ ಅದು. ಹರದ್ರೂ ಬಿಡಬಾರದು, ಹಂಗ ಮಾಡು. ಮಾಡಾಕ ಬರತೈತೋ ಇಲ್ಲೋ?"

"ಬರತೈತ್ರಿ. ಒಂದ ವೈರ್ ಬಾಜೂ ಸ್ಕ್ರೂಕ್ಕ ಹಾಕಿದ್ರ ಆತು."

"ಮತ್ತ ಹಾಕು."

"ಇಲ್ರಿ ಸಾವಕಾರ್ರ. ಬೆಂಕಿ ಮೊದಲ ಆ ವೈರನ್ನ ಸುಟ್ಟಿತು ಅಂದ್ರ ಬಾಗಲಕ್ಕ ಗೊತ್ತನ ಆಗೂದಿಲ್ಲ. ಒಳಗಿನವರು ಒಳಗ ಉಳೀತಾರ. ನಾ ಹಾಕೂದಿಲ್ಲ."

ಮನೆಯ ಎಲೆಕ್ಟ್ರಿಕ್ ಅಂಗಡಿಗೆ ಸೊಸೆಯ ಹೆಸರಿನಲ್ಲಿ ಬಂದ ಮೊದಲ ದೊಡ್ಡ ಕೆಲಸ ಇದು. ಕಿತ್ತೂರಿನಲ್ಲಿ ಇದೇ ಸಂಸ್ಥೆಯ ಶಾಲೆ ಇದೆ, ಅಲ್ಲಿಯ ಕೆಲಸವೂ ಸಿಗಬಹುದಿತ್ತು. ಹೂಂ ಅನ್ನಬಾರದೇ ಈ ಹುಡುಗಿ?

"ನಾಳೆ ಬೆಳಗಾವಿಯಿಂದ ಬ್ಯಾರೆದವರನ್ನ ಕರಸ್ತೇನಿ, ನೋಡು."

"ಕರಸ್ರಿ. ಅವರ ಮುಂದನೂ ಇದನ್ನ ಹೇಳತೇನಿ."

ಸ್ವಲ್ಪ ಹೊತ್ತಿಗೆ ನಿಜಗುಣಪ್ಪ ಮೈದಾನ ದಾಟಿ ಕೋಣೆಗೇ ಬಂದರು. ಬಿಸಿಲಿಗೆ ಮುಖ ಕೆಂಪಾಗಿತ್ತು. ಮದರಬಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. ಸತ್ಯಪ್ಪ ಕುರ್ಚಿ ಒರೆಸಿದ, ಅವರು ಕೂರಲಿಲ್ಲ.

"ಅಕ್ಕಾರ, ನಿಮ್ಮ ಸೊಸಿ ನಿಮ್ಮ ಮಾತು ಕೇಳತಾಳ. ಒಂದ ಮಾತು ಹೇಳ್ರಿ. ನೇಸರಗಿ, ದೊಡವಾಡ, ಎಲ್ಲಾ ಕಡೆ ಮನಿ ಮನಿಗೆ ನಾ ಹೋಗಿ ಬಂದೇನಿ. ಬಾಗಲಾ ನನ್ನ ಜವಾಬ್ದಾರಿ, ಹುಡುಗ್ಯಾರನ್ನ ಕಳಸ್ರಿ ಅಂದೇನಿ. ಬಾಗಲಾ ಗಟ್ಟಿ ಇಲ್ಲಂದ್ರ ಅವರು ಕಳಸೂದಿಲ್ರಿ. ಸಾಲಿ ಬಿಡಿಸಿ ಮದವಿ ಮಾಡ್ತಾರ."

ಸುಳ್ಳಲ್ಲ ಅದು. ಮದರಬಿಗೂ ಗೊತ್ತು. ಹೇಳಿಬಿಡೋಣ ಎಂದು ಬಾಯಿ ತೆರೆದಳು. ಕೈಯಲ್ಲಿ ಹಳದಿ ತಂತಿ ಇನ್ನೂ ಇತ್ತು.

ಮಗ ಅಯಾಜ್ ಲಾರಿ ಓಡಿಸುತ್ತಿದ್ದ. ಎಲ್ಲಿ ನಿಂತರೂ ಮನೆಗೊಂದು ಫೋನು ಮಾಡುವ ರೂಢಿ. ರಾಮದುರ್ಗದ ದಾರಿಯಲ್ಲಿ ಅವನು ತೀರಿಕೊಂಡ ಮಧ್ಯಾಹ್ನ ಆ ಫೋನು ಬರಲಿಲ್ಲ. ನೆಟ್‌ವರ್ಕ್ ಸಿಕ್ಕಿರಲಿಕ್ಕಿಲ್ಲ ಎಂದರು ಮನೆಯವರೆಲ್ಲ. ಏನೂ ಆಗಿರಲಿಕ್ಕಿಲ್ಲ ಎಂದು ಊಟಕ್ಕೆ ಕುಳಿತರು. ಹಿನಾ ಒಬ್ಬಳೇ ತಟ್ಟೆಯ ಮುಂದೆ ಕುಳಿತು ತುತ್ತು ಎತ್ತಿರಲಿಲ್ಲ.

"ಸಾವಕಾರ್ರ," ಎಂದಳು ಮದರಬಿ. "ಆ ವೈರ್ ಆಕಿ ಎಲ್ಲಿ ಹಾಕ್ಯಾಳೋ ಅಲ್ಲೇ ಇರಲಿ."

"ನೀವೂ ಹಿಂಗಂದ್ರ!"

"ನನಗ ಕರೆಂಟಿಂದೇನೂ ತಿಳಿಯೂದಿಲ್ರಿ. ಆಕಿಗೆ ತಿಳೀತೈತಿ. ಪೋಕರಿಗೋಳನ್ನ ತಡಿಯಾಕ ಬಾಗಲಕ್ಕ ಒಬ್ಬಾಕಿನ್ನ ಕುಂದರಸ್ರಿ. ಹೂಟರ್ ಕೂಗಿದ್ರ ಆಕಿ ಎದ್ದು ನೋಡತಾಳ. ಬೆಂಕಿ ಬಂದ್ರ ಆಕಿ ಹುಡುಗ್ಯಾರನ್ನ ಕರಕೊಂಡು ಓಡತಾಳ. ಬಾಗಲಾ ಓಡತೈತೇನ್ರಿ? ಅದು ಸರದು ನಿಂದರಬೇಕು ಅಷ್ಟ."

ನಿಜಗುಣಪ್ಪ ಅವಳ ಮುಖ ನೋಡಿದರು. ಕೆಂಪು ಪೆಟ್ಟಿಗೆಯನ್ನು ನೋಡಿದರು. ಸತ್ಯಪ್ಪ ಗೋಡೆ ನೋಡಿದ.

"ವೈರ್ ತಿರಗಿ ಹಾಕ್ರಿ," ಎಂದರು ಕಡೆಗೆ. "ನಾ ಹೋಗಿ ಒಳಗ ನಿಂದರತೇನಿ. ಹೇಳಿದ ಮ್ಯಾಲೆ ಎಳೀರಿ."

ಮದರಬಿ ತಂತಿ ಸೇರಿಸಿ ಸ್ಕ್ರೂ ಬಿಗಿ ಮಾಡಿದಳು. ಹೂಟರ್ ನಿಂತಿತು. ಅವರು ಮೈದಾನ ದಾಟುವಷ್ಟು ಹೊತ್ತು ಫೋನಿನಲ್ಲಿ ಹಿನಾಳ ಉಸಿರು ಮಾತ್ರ ಕೇಳುತ್ತಿತ್ತು.

"ಸಾವಕಾರ್ರು ಒಳಗದಾರ, ಅಮ್ಮಿ. ಬಾಗಲಾ ಮುಚ್ಚಿ ಹತ್ತೇತಿ."

ಧಪ್ಪೆಂದು ಒಂದು ಸದ್ದು. ಮತ್ತೊಂದು. ಭುಜ ಕೊಟ್ಟು ನೂಕುತ್ತಿರಬೇಕು. ಬಾಗಿಲು ಜಗ್ಗಲಿಲ್ಲ. ಆಮೇಲೆ ಹಲಗೆಯ ಆಚೆಯಿಂದ, ಬಾವಿಯೊಳಗಿಂದ ಬಂದಂತೆ, ಅವರ ದನಿ: "ಎಳಿಯಾಕ ಹೇಳವಾ."

ಮದರಬಿ ಎಳೆದಳು.

ಟಕ್. ಹೂಟರಿನ ಕೂಗು. ಅದರ ನಡುವೆ ಮುದುಕರ ಚಪ್ಪಲಿ ಹೊಸ್ತಿಲು ದಾಟಿ ಹೊರಗೆ ಬಂದ ಸಪ್ಪಳ.

"ಹಿಂಗ ಇರಲಿ," ಎಂದರು. "ಸತ್ಯಪ್ಪಗ ಹೇಳ್ರಿ, ನಾಳಿಂದ ಅವನ ಹೇಣ್ತಿ ಯಲ್ಲವ್ವನ್ನ ಬಾಗಲಕ್ಕ ಕುಂದರಾಕ ಕಳಸಂತ. ಮತ್ತ ನೀ, ಕಿತ್ತೂರ ಸಾಲಿದು ಯಾವಾಗ ನೋಡ್ತಿ? ಅಲ್ಲಿ ಪೆಟ್ಟಿಗಿಯಿಂದ ಬಾಗಲಾ ಇದಕಿಂತಾ ದೂರ ಐತಿ."

"ದೂರದ್ದೇನಿಲ್ರಿ," ಎಂದಳು ಹಿನಾ. "ಆ ತುದಿಗೆ ಅಮ್ಮಿ ಇರತಾರ."

ಸತ್ಯಪ್ಪ ತಲೆಗೆ ಕೈ ಹಚ್ಚಿದ. "ನನ್ನ ಹೇಣ್ತಿನ್ನ ಡ್ಯೂಟಿಗೆ ಹಚ್ಚಿದ್ರಿ ಚಾಚೀ. ಇನ್ನ ರೊಟ್ಟಿ ಬಡಿಯೂದು ಯಾರು?"

"ನೀನ. ಬೆಂಕಿಗೆ ಮರ್ಯಾದಿ ಕೊಡಾಕ ನಿನಗ ಬರತೈತಲ್ಲ."

ಅವಳು ತಂತಿಯನ್ನು ಅದರ ಜಾಗಕ್ಕೆ ಸೇರಿಸಿ, ಸ್ಕ್ರೂ ಬಿಗಿದು, ಪೆಟ್ಟಿಗೆಯ ಮುಚ್ಚಳ ಹಾಕಿದಳು.

ಬೇವಿನ ಮರಗಳ ನಡುವಿನಿಂದ ಹಿನಾಕೌಸರ ಹೊರಬಂದಳು. ಏಣಿ ಹೆಗಲ ಮೇಲಿತ್ತು. ವರಾಂಡದಲ್ಲಿದ್ದ ಮೇಷ್ಟರುಗಳು ತಿರುಗಿ ನೋಡುತ್ತಿದ್ದರು. ಬೇರೆ ದಿನವಾದರೆ ಮದರಬಿ ಓಡಿಹೋಗಿ ಏಣಿಯ ಇನ್ನೊಂದು ತುದಿ ಹಿಡಿಯುತ್ತಿದ್ದಳು, ಅವಳ ಓಢಣಿ ಸರಿಪಡಿಸುತ್ತಿದ್ದಳು. ಈ ಹೊತ್ತು ಅವಳು ಸತ್ಯಪ್ಪ ಒರೆಸಿಟ್ಟ ಕುರ್ಚಿಯನ್ನು ಹೊಸ್ತಿಲಿಗೆ ಎಳೆದುಕೊಂಡು ಕುಳಿತಳು. ಸೊಸೆ ಆ ಬಿಸಿಲಿನಲ್ಲಿ, ಅಷ್ಟು ಅಗಲ ಮೈದಾನವನ್ನು ಒಬ್ಬಳೇ ದಾಟಿ ಬರುವುದನ್ನು ಕಣ್ತುಂಬ ನೋಡುತ್ತ ಕುಳಿತೇ ಇದ್ದಳು.