ಪ್ರಿಯಂವದಾ ಐರಣಿಯವರ ಅನುಮಾನ

ತೀರ್ಪು ಓದಿ ಮುಗಿಸಿದೊಡನೆ ನ್ಯಾಯಾಧೀಶೆ ಪ್ರಿಯಂವದಾ ಐರಣಿಯವರು ಗೆದ್ದವರ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಸೋತವರತ್ತ ತಿರುಗಿ, "ಯಾಕ ಹಿಂಗಾತು ಅಂತ ತಿಳೀತೇನ್ರಿ?" ಎಂದು ಕೇಳುತ್ತಿದ್ದರು. ತಿಳಿಯಲಿಲ್ಲವೆಂದರೆ, ವಕೀಲರ ಅಸಹನೆಯನ್ನು ಲೆಕ್ಕಿಸದೆ, ಮನೆಯ ಕಟ್ಟೆಯ ಮೇಲೆ ಕೂತು ಮಾತಾಡುವಷ್ಟು ಸಾವಧಾನದಿಂದ ಮತ್ತೊಮ್ಮೆ ವಿವರಿಸುತ್ತಿದ್ದರು.

ಮನೆತನದ ಹೆಸರು ತುಂಗಭದ್ರೆಯ ದಡದ ಐರಣಿಯದಾದರೂ ಅವರು ಬೆಳೆದದ್ದು, ವಕೀಲಿ ಮಾಡಿದ್ದು ಬಿಜಾಪುರದಲ್ಲಿ. ಸಿವಿಲ್ ನ್ಯಾಯಾಧೀಶೆಯಾಗಿ ಬ್ಯಾಡಗಿಗೆ ಬಂದದ್ದು ಎರಡು ಸಾವಿರದ ಎರಡರಲ್ಲಿ, ಮೆಣಸಿನಕಾಯಿ ಸುಗ್ಗಿ ಏರಿದ್ದಾಗ. ಕುಳ್ಳನೆಯ ಮೈಕಟ್ಟು, ಪುಟ್ಟಪುಟ್ಟ ಅವಸರದ ಹೆಜ್ಜೆ, ಮೊಳಕೈಯಲ್ಲಿ ಬಣ್ಣ ಮಾಸಿ ಬೂದುಬಣ್ಣಕ್ಕೆ ತಿರುಗಿದ ಕರಿಕೋಟು. ಊರಿನ ಗಾಳಿಗೇ ಘಾಟು ಹತ್ತಿದ ಆ ದಿನಗಳಲ್ಲಿ ವಾದದ ನಡುವೆ ಯಾರಿಗಾದರೂ ಸೀನು ಬಂದರೆ, "ಆರಾಮ ಸೀನ್ರಿ, ವಾದ ಎಲ್ಲೂ ಓಡಿ ಹೋಗೂದಿಲ್ಲ" ಎನ್ನುವರು. ಮರುಗಳಿಗೆಯಲ್ಲಿ ತಾವೇ ಸೀನುವರು.

ಅವರ ಮುಂದೆ ಕದರಮಂಡಲಗಿಯ ಪ್ರೇಮವ್ವನ ದಾವೆ ಬಂತು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಬೇಸಾಯ ನಡೆಸುತ್ತಿದ್ದ ಹೆಂಗಸು. ಆಕೆಯ ಹೊಲಕ್ಕೆ ಬಂಡಿ ಹೋಗುವ ಏಕೈಕ ದಾರಿ ಪಕ್ಕದ ಫಕ್ಕೀರೇಶನ ಹೊಲದೊಳಗಿತ್ತು. ಅವನು ಅದಕ್ಕೆ ಮುಳ್ಳುಬೇಲಿ ಹಾಕಿದ್ದ. ತಲೆಮಾರಿನಿಂದ ತಿರುಗಾಡಿದ ದಾರಿ ತನ್ನ ಹಕ್ಕೆಂದು ಅವಳು, ತನ್ನ ತಂದೆ ದಾಕ್ಷಿಣ್ಯಕ್ಕೆ ಬಿಟ್ಟುಕೊಟ್ಟದ್ದೆಂದು ಅವನು. ದಾಕ್ಷಿಣ್ಯದಿಂದ ಕೊಟ್ಟ ದಾರಿ ಎಷ್ಟು ವರ್ಷ ಕಳೆದರೂ ಹಕ್ಕಾಗುವುದಿಲ್ಲವೆಂಬುದು ಕಾನೂನು. ಫಕ್ಕೀರೇಶನ ತಂದೆ ಅಪ್ಪಣೆ ಕೊಟ್ಟಾಗ ತಾನು ಎದುರಿಗಿದ್ದೆನೆಂದು ಊರಿನ ವೃದ್ಧ ಹನುಮಪ್ಪ ಸಾಕ್ಷಿ ನುಡಿದ. ಆದರೆ ಅದು ಆ ಒಂದು ಸುಗ್ಗಿಗೆ ಮಾತ್ರವೋ, ಮುಂದಿನ ಎಲ್ಲ ಕಾಲಕ್ಕೋ ಎಂದು ಕೇಳಿದಾಗ ತಡವರಿಸಿದ. ಒಂದೇ ಸುಗ್ಗಿಗಾಗಿದ್ದರೆ, ಯಾರ ಅಪ್ಪಣೆಯೂ ಇಲ್ಲದೆ ನಡೆದ ಆಮೇಲಿನ ತಿರುಗಾಟವೆಲ್ಲ ಹಕ್ಕಿನದೇ ಆಗುತ್ತಿತ್ತು.

ಪ್ರಿಯಂವದಾ ಹಲವು ದಿನ ತೂಗಿ ನೋಡಿ, ಕೊನೆಗೆ ಫಕ್ಕೀರೇಶನ ಪರವಾಗಿ ತೀರ್ಪು ಬರೆಸಿದರು. ಜೊತೆಗೆ, ಹನುಮಪ್ಪ ತಡವರಿಸಿದ ಆ ಒಂದು ಅಂಶದಲ್ಲಿ ತಮ್ಮ ಮನಸ್ಸು ನಿಶ್ಚಿಂತವಾಗಿಲ್ಲವೆಂದೂ ಬರೆಸಿದರು. ಶಿರಸ್ತೇದಾರ ದುರುಗೇಶ ಗಾಬರಿಯಾದ.

"ಈ ಸಾಲು ಬ್ಯಾಡ್ರಿ ಮೇಡಂ. ನಿಮ್ಮ ತೀರ್ಪಿಗೆ ನೀವ ಕನ್ನ ಕೊರದಂಗ ಆಕ್ಕೈತಿ."

"ಅನುಮಾನ ನನ್ನದು, ದುರುಗೇಶ. ಹೊಲ ಅಕೀದು. ಇರ್ಲಿ ಬಿಡ್ರಿ."

ತೀರ್ಪು ಕೇಳಿದ ಪ್ರೇಮವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ತಿಳೀತ್ರಿ. ಆದ್ರ ನನಗ ಒಪ್ಪಿಗಿ ಇಲ್ರಿ."

"ಒಪ್ಪಬ್ಯಾಡ್ರಿ. ಹಾವೇರಿಗೆ ಅಪೀಲು ಹೋಗ್ರಿ, ಲಗೂ ಹೋಗ್ರಿ."

ಹೋದಳು. ಎರಡು ವರ್ಷದ ಮೇಲೆ ತೀರ್ಪು ತಿರುಗಿತು. ಮೇಲಿನವರು ಬೆರಳಿಟ್ಟದ್ದು ಸರಿಯಾಗಿ ಆ ಸಾಲಿನ ಮೇಲೆಯೇ. ಅಷ್ಟರಲ್ಲಿ ರಾಣೆಬೆನ್ನೂರಿಗೆ ವರ್ಗವಾಗಿದ್ದ ಪ್ರಿಯಂವದಾ ಪ್ರತಿಯನ್ನು ತರಿಸಿಕೊಂಡು ಓದಿದರು. ಅಂದು ಊಟದ ಹೊತ್ತಿಗೆ ಅವರ ತಾಟಿನ ಅನ್ನ ಹಾಗೇ ಇದ್ದುದನ್ನು ಕಂಡು ತಾಯಿ ಗೋದೂಬಾಯಿ ಕೇಳಿದರು: "ಬ್ಯಾಸರ ಆತೇನವಾ?"

"ಆತವ್ವಾ. ಖರೇ ಹೇಳಬೇಕಂದ್ರ, ಭಾಳ ಆತು. ಎರಡು ಸುಗ್ಗಿ ಅಕಿ ಮಾಲು ತಲೀಮ್ಯಾಲೆ ಹೊತ್ತಾಳ, ನನ್ನಿಂದ." ತಾಟನ್ನು ಹತ್ತಿರಕ್ಕೆ ಎಳೆದುಕೊಂಡು, "ಈಗ ಬಂಡಿ ಹೋಗ್ತದ" ಎಂದು ಅನ್ನಕ್ಕೆ ಸಾರು ಬಡಿಸಿಕೊಂಡರು.

ಮುಂದಿನ ಸುಗ್ಗಿಯಲ್ಲಿ ಪ್ರೇಮವ್ವ ಒಂದು ಚೀಲ ಕೆಂಪು ಮೆಣಸಿನಕಾಯಿ ಹೊತ್ತು ಅವರ ಮನೆ ಹುಡುಕಿಕೊಂಡು ಬಂದಳು. "ದಾವೆ ಮುಗದೈತ್ರಿ, ಇನ್ನರ ತಗೋರಿ. ನೀವು ಆ ಸಾಲು ಬರಸಿದ್ದಕ್ಕ ಅಲ್ಲೇನ್ರಿ ನಾ ಗೆದ್ದದ್ದು?"

"ನನ್ನ ಕೈಯಾಗ ನೀವು ಸೋತೀರಿ ಪ್ರೇಮವ್ವ, ಅದನ್ನ ಮರೀಬ್ಯಾಡ್ರಿ. ಒಂದು ಕಾಯಿನೂ ಒಲ್ಲೆ. ಕುಂದ್ರಿ, ಚಾ ಕುಡೀರಿ."

ಚೀಲ ಬಂದ ಹಾಗೆಯೇ ಹಿಂದಿರುಗಿತು. ಮಾತು ಮಾತ್ರ ಸಂಜೆಯವರೆಗೂ ನಡೆಯಿತು. ಪ್ರಿಯಂವದಾ ಅವರಿಗೆ ಬಡ್ತಿ ತಡವಾಗಿ ಬಂತು. ಅನುಮಾನಗಳನ್ನು ಬರೆಸುವ ರೂಢಿಯೇ ಕಾರಣವೆಂದು ಹಾವೇರಿಯ ವಕೀಲರು ಚಹಾದಂಗಡಿಯಲ್ಲಿ ಆಡಿಕೊಂಡರು. ಪ್ರಿಯಂವದಾ ಆ ರೂಢಿ ಬಿಡಲಿಲ್ಲ.

ನ್ಯಾಯ ಹೇಳುವ ಪೀಠ ಮನುಷ್ಯನಿಗೆ ಅಧಿಕಾರ ಕೊಡುತ್ತದೆ, ಸರ್ವಜ್ಞತ್ವವನ್ನು ಕೊಡುವುದಿಲ್ಲ. ಈ ವ್ಯತ್ಯಾಸವನ್ನು ಒಳಗೊಳಗೇ ಬಲ್ಲವರು ಅನೇಕರಿರಬಹುದು. ತಾವು ಎಡವಿರಬಹುದಾದ ಜಾಗವನ್ನು ತಾವೇ ಗುರುತು ಮಾಡಿ, ಮುಂದೆ ಬರುವವರಿಗೆ ತೋರಿಸಿಟ್ಟು ಪೀಠದಿಂದ ಏಳುವವರು ವಿರಳ. ಕೀರ್ತಿ ಅಂಥವರ ಕಡೆಗೆ ಸುಳಿಯುವುದಿಲ್ಲ. ಆದರೆ ಸೋತು ಹೊರಬಿದ್ದ ಬಡವನೊಬ್ಬ ಮತ್ತೊಂದು ಬಾಗಿಲು ತಟ್ಟುವ ಧೈರ್ಯ ಮಾಡುವುದು ಅಂಥವರಿಂದಲೇ.