ಬಿಟ್ಟ ಗೆರೆಗಳು

"ಗ್ವಾಡಿಗೆ ಯಾಕ ಗೆರಿ ಇಲ್ಲ ಮತ್ತ?" ಹುಲಗಪ್ಪ ಮಗಳ ಕುರ್ಚಿಯ ಹಿಂದಿನಿಂದ ಬಾಗಿ ಕಂಪ್ಯೂಟರಿನ ಪರದೆಗೆ ಬೆರಳು ಒತ್ತಿದ. "ಕಂಬಕ್ಕ ಇಲ್ಲ, ಕುಂತ ಮಂದಿಗೆ ಇಲ್ಲ. ಹಲಗಿ ಬಾರಿಸಾಂವನ ಕೈಗೆ ಅದಾವು, ನಮ್ಮಿಬ್ಬರ ಮೈಗೆ ಅದಾವು. ಬೇಕಂತನ ಯಾರೋ ಕೆರದಾರ."

"ಯಾರೂ ಕೆರದಿಲ್ಲಪ್ಪ. ಬೆರಳು ತಗಿ, ಪರದೆ ಹೊಲಸ ಆಗತೈತಿ," ಎಂದಳು ದುರ್ಗಾ. ಬೆಟಗೇರಿಯಲ್ಲಿ ಮದುವೆ ವಿಡಿಯೋಗಳನ್ನು ಕತ್ತರಿಸಿ ಜೋಡಿಸಿಕೊಡುವ ಅಂಗಡಿ ಅವಳದು. ಎಲ್ಲಿಂದಲೋ ಹಳೆಯ ವಿಸಿಆರ್ ಒಂದನ್ನು ಹುಡುಕಿ ತಂದು ಕಂಪ್ಯೂಟರಿಗೆ ವೈರು ಹಚ್ಚಿ, ಅಪ್ಪ ಕೊಟ್ಟ ಅವನ ಹಳೆಯ ಕುಸ್ತಿಯ ಕ್ಯಾಸೆಟ್ಟನ್ನು ಬೆಳಿಗ್ಗೆಯಿಂದ ಅದರೊಳಗೆ ಇಳಿಸುತ್ತಿದ್ದಳು. ಕುಸ್ತಿ ಬಂತು, ಸದ್ದೂ ಬಂತು. ಮೈ ಅಲುಗಿದಲ್ಲೆಲ್ಲ ಬಾಚಣಿಕೆ ಎಳೆದಂತೆ ಅಡ್ಡ ಗೆರೆಗಳೂ ಬಂದವು.

ಮಲ್ಲಸಮುದ್ರದ ಹುಲಗಪ್ಪ ಒಂದು ಕಾಲಕ್ಕೆ ಹೆಸರು ಮಾಡಿದ ಪೈಲ್ವಾನ. ಈಗ ಹೊಟ್ಟೆ ಬಂದಿದೆ, ಮೊಣಕಾಲು ಮಾತು ಕೇಳುವುದಿಲ್ಲ. ಸಂಶಯ ಮಾತ್ರ ಹರೆಯದಲ್ಲಿದ್ದಷ್ಟೇ ಗಟ್ಟಿಮುಟ್ಟಾಗಿದೆ. ಹಾಲಿನವನ ಎದುರೇ ಹಾಲಿಗೆ ಬೆರಳು ಅದ್ದಿ ನೋಡುವ ಆಸಾಮಿ. ಮದುವೆ ಊಟದಲ್ಲಿ ಪಕ್ಕದ ಎಲೆಯ ಹೋಳಿಗೆ ತನ್ನದಕ್ಕಿಂತ ದೊಡ್ಡದೋ ಎಂದು ಕಣ್ಣಲ್ಲೇ ಅಳೆಯುತ್ತಾನೆ. ಇವೆಲ್ಲ ಚಿಲ್ಲರೆ ಸಂಶಯಗಳು. ದೊಡ್ಡದು ಬೇರೆಯೇ ಇತ್ತು.

ಮೂವತ್ತು ವರ್ಷಗಳ ಹಿಂದೆ ಲಕ್ಷ್ಮೇಶ್ವರದ ಕುಸ್ತಿ ಕಣದಲ್ಲಿ ಮುಳಗುಂದದ ಮರ್ದಾನಸಾಬ ಅವನನ್ನು ಚಿತ್ ಮಾಡಿದನೆಂದು ಪಂಚರು ಸೀಟಿ ಊದಿದ್ದರು. ಎರಡೂ ಭುಜ ಮಣ್ಣಿಗೆ ಮುಟ್ಟಿದರೆ ಸೋಲು. ಮುಟ್ಟೇ ಇಲ್ಲ, ಪಂಚರು ಮೊದಲೇ ಮಾತಾಡಿಕೊಂಡಿದ್ದರು ಎಂದು ಹುಲಗಪ್ಪ ಅಂದೂ ಕೂಗಾಡಿದ, ಇಂದಿಗೂ ಸಿಕ್ಕವರನ್ನು ನಿಲ್ಲಿಸಿ ಹೇಳುತ್ತಾನೆ. ಮರ್ದಾನಸಾಬನೇನು ಹೊರಗಿನವನಲ್ಲ. ಇಬ್ಬರೂ ಮುಳಗುಂದದ ಒಂದೇ ಗರಡಿಯಲ್ಲಿ ಬೆಳೆದವರು, ಒಂದೇ ತಾಟಿನಲ್ಲಿ ಉಂಡವರು. ಆ ದಿನದಿಂದ ಮಾತು ಬಂದ್.

ನಾಳೆ ಆ ಹಳೆಯ ಗರಡಿಮನೆಗೆ ಹೊಸ ಕಟ್ಟಡದ ಪೂಜೆ. ಮುಂದೆ ನಿಂತು ಕಟ್ಟಿಸಿದವನು ಮರ್ದಾನಸಾಬ. ಅವನೇ ಹುಲಗಪ್ಪನಿಗೆ ಕರೆ ಕಳಿಸಿದ್ದ, ಅದೂ ಎರಡು ಸಲ. "ಬರ್ತೀನಿ. ಆದ್ರ ಕುಸ್ತಿ ಚಿತ್ರ ತಗೊಂಡ ಬರ್ತೀನಿ. ಟಿ.ವಿ. ಇಡಂತ ಹೇಳ್ರಿ, ಎಲ್ಲಾರೂ ನೋಡ್ಲಿ," ಎಂದು ಹುಲಗಪ್ಪ ತಿರುಗಿ ಹೇಳಿ ಕಳಿಸಿದ. ಅಂದಿನ ಕುಸ್ತಿಯನ್ನು ಊರಿಗೆಲ್ಲ ಕೇಬಲ್ ಟಿ.ವಿ.ಯಲ್ಲಿ ತೋರಿಸಿದ್ದ ಕರೀಮಸಾಬ, ಕ್ಯಾಸೆಟ್ ಕಳೆದಿದೆ ಎಂದು ವರ್ಷಗಟ್ಟಲೆ ಹೇಳುತ್ತ ಬಂದವನು, ಮೊನ್ನೆ ಅಟ್ಟ ಸ್ವಚ್ಛ ಮಾಡುವಾಗ ಸಿಕ್ಕಿತೆಂದು ತಾನಾಗಿ ತಂದುಕೊಟ್ಟಿದ್ದ.

"ಕರೀಮಸಾಬ ಮರ್ದಾನನ ಬೀಗರ ಪೈಕಿ," ಎಂದ ಹುಲಗಪ್ಪ. "ಸುಮ್ಮನ ಕೊಟ್ಟಾನಂತ ತಿಳದಿ? ಉಗರಿಲೆ ಗೆರಿ ಎಳದ ಕೊಟ್ಟಾನ."

ದುರ್ಗಾ ಕುರ್ಚಿ ತಿರುಗಿಸಿದಳು. "ಇಲ್ಲಿ ನೋಡಪ್ಪ. ಹಳೇ ಟಿ.ವಿ. ಚಿತ್ರ ಎರಡು ಅರ್ಧ ಇರ್ತಾವು. ಮೊದಲ ಒಂದು ಬಿಟ್ಟು ಒಂದು ಗೆರಿ ಹಿಡೀತೈತಿ. ಕಣ್ಣು ಮಿಟುಕಿಸೂದ್ರಾಗ ನಡುವ ಉಳಿದ ಗೆರಿ ಹಿಡೀತೈತಿ." ಎರಡೂ ಕೈಯ ಬೆರಳುಗಳನ್ನು ಒಂದರೊಳಗೊಂದು ಸೇರಿಸಿ ತೋರಿಸಿದಳು. "ಕಂಪ್ಯೂಟರ್ ಎರಡನ್ನೂ ಕೂಡಿಸಿ ಒಮ್ಮಿಗೇ ತೋರಸತೈತಿ. ಗ್ವಾಡಿ ನಿಂತಲ್ಲೇ ನಿಂತಿರ್ತೈತಿ, ಅದಕ್ಕ ಗೆರಿ ಇಲ್ಲ. ನೀವು ಅಷ್ಟರಾಗ ಸರದಿರ್ತೀರಿ. ನೀ ಚಾ ಕುಡದ ಬಾ, ತಗದ ಇಡ್ತೀನಿ."

ಹುಲಗಪ್ಪ ಚಹಾ ಕುಡಿದು ಬರುವಷ್ಟರಲ್ಲಿ ಚಿತ್ರ ತೊಳೆದಿಟ್ಟಂತಾಗಿತ್ತು. ಹರೆಯದ ಹುಲಗಪ್ಪ ಕಣಕ್ಕಿಳಿದ, ತೊಡೆ ತಟ್ಟಿದ. ಮರ್ದಾನಸಾಬ ಅವನ ಸೊಂಟಕ್ಕೆ ಕೈ ಹಾಕಿ ಮಗುಚಿದ. ಸೀಟಿ ಕೇಳುವ ಹೊತ್ತಿಗೆ ದುರ್ಗಾ ಚಿತ್ರ ನಿಲ್ಲಿಸಿದಳು. ಬಲಭುಜಕ್ಕೂ ಮಣ್ಣಿಗೂ ನಡುವೆ ಬೆರಳು ತೂರುವಷ್ಟು ಬೆಳಕಿತ್ತು. ಒಂದೊಂದೇ ಚಿತ್ರ ಮುಂದೆ ಸರಿಸಿದರೂ ಆ ಬೆಳಕು ಉಳಿದೇ ಇತ್ತು.

ಹುಲಗಪ್ಪ ಮಗಳ ಹೆಗಲು ಹಿಡಿದು ಅಲುಗಿಸಿದ. "ನೋಡಿದ್ಯಾ? ನೋಡಿದ್ಯಾವ್ವ?" ಎಂದ. ಎಂಥ ಸಂತೋಷ ಅದು! ಅಂಗಡಿ ತುಂಬ ಅತ್ತಿಂದಿತ್ತ ಓಡಾಡಿದ, ಮೊಣಕಾಲಿನ ನೆನಪೂ ಇರಲಿಲ್ಲ. ನಾಳೆ ಯಾರ್ಯಾರು ಬಾಯಿ ಮುಚ್ಚಿಕೊಳ್ಳುತ್ತಾರೆಂದು ಹೆಸರು ಹೆಸರು ಹೇಳಿದ. ಆಮೇಲೆ ಕುಂತ. ಕುಂತರೆ ಸುಮ್ಮನಿರುವ ಜೀವವೇ ಅದು?

"ಆ ಗೆರಿ ಎಲ್ಲಿ ಹೋದುವು?"

"ತಗದ್ನಿ."

"ತಗದ ಎಲ್ಲಿ ಇಟ್ಟಿ?"

"ಅರ್ಧ ಗೆರಿ ಬಿಟ್ಟು ಉಳಿದ ಅರ್ಧ ಇಟಗೊಂಡೀನಪ್ಪ. ಹಂಗ ಮಾಡಿದ್ರ ಸ್ವಚ್ಛ ಕಾಣತೈತಿ."

"ಬಿಟ್ಟ ಅರ್ಧದಾಗ ಏನೈತಿ?"

"ಅದರಾಗೂ ಇದ," ಎಂದಳು ದುರ್ಗಾ. ಹೇಳುವಾಗ ಅಪ್ಪನ ಮುಖ ನೋಡಲಿಲ್ಲ.

"ಅಂದ್ರ ತೋರಸು."

"ನಾಳಿಗೆ ಇಷ್ಟ ಸಾಕು. ಎಲ್ಲಾರೂ ನಂಬ್ತಾರ."

"ಎಲ್ಲಾರೂ ನಂಬ್ತಾರವ್ವ. ನಾ ನಂಬಬೇಕಲ್ಲ."

ದುರ್ಗಾ ಮೌಸಿನ ಕಡೆ ತಿರುಗಿದಳು. ಬಿಟ್ಟಿದ್ದ ಅರ್ಧವನ್ನು ತೆರೆದಳು. ಅದೇ ಕಣ, ಅದೇ ಪಟ್ಟು, ಅದೇ ಸೀಟಿ. ಹುಲಗಪ್ಪನ ಎರಡೂ ಭುಜ ಮಣ್ಣಿಗೆ ತಾಗಿದ್ದವು. ಮುಂದಿನ ಚಿತ್ರದಲ್ಲಿ ಮತ್ತೆ ಮೇಲೆದ್ದಿದ್ದವು. ಮುಟ್ಟಿದ್ದು ಆ ಒಂದೇ ಒಂದು ಅರ್ಧದಲ್ಲಿ, ಕಣ್ಣು ಮಿಟುಕಿಸುವಷ್ಟು ಹೊತ್ತು.

"ಮತ್ತೊಮ್ಮೆ ಹಚ್ಚು," ಎಂದ. ಹಚ್ಚಿದಳು. ಮತ್ತೊಮ್ಮೆ ಎಂದ. ಅವನಿಗೆ ನಾಚಿಕೆಯಾಯಿತು. ಸತ್ತುಹೋದ ಆ ಪಂಚರ ಮಕ್ಕಳಿಗೂ ತಾನು ಸಂತೆಯಲ್ಲಿ ಬೈದದ್ದು ನೆನಪಾಯಿತು.

"ನೀ ಮೊದಲ ನೋಡಿದ್ದಿ?"

"ಹೂಂ."

"ಮತ್ತ ಯಾಕ ಮುಚ್ಚಿಟ್ಟಿ?"

"ಹುಟ್ಟಿದಾಗಿಂದ ಮನ್ಯಾಗ ಇದೊಂದ ಮಾತು ಕೇಳೀನಿ," ಎಂದಳು ದುರ್ಗಾ. "ಒಂದ್ಸಲ ನೀ ಗೆದ್ದದ್ದು ನೋಡಬೇಕು ಅನ್ನಿಸ್ತು."

ಹುಲಗಪ್ಪ ಎದ್ದು ಅವಳ ತಲೆಯ ಮೇಲೆ ಕೈಯಿಟ್ಟ, ತೆಗೆದ. "ಮರ್ದಾನಗ ಫೋನ್ ಹಚ್ಚು."

ಅತ್ತಲಿಂದ ಮೊಳೆ ಹೊಡೆಯುವ ಸದ್ದು, ಅದರ ನಡುವೆ ದನಿ. "ಯಾರ್ರಿ?"

"ನಾ, ಹುಲಗಪ್ಪ."

ಮೊಳೆಯ ಸದ್ದು ನಿಂತಿತು. "ಟಿ.ವಿ. ದೊಡ್ಡದ ಇಡಸೀನಿ. ಮತ್ತೇನ ತಕರಾರು ನಿಂದು?"

"ಟಿ.ವಿ. ಬ್ಯಾಡ, ತಗಸು."

"ಯಾಕ? ಏನ ಮಸಲತ್ತು ನಡಸೀದಿ?"

"ಮುಟ್ಟೈತಲೇ. ಈಗ ನೋಡಿದ್ನಿ. ಭುಜ ಮುಟ್ಟೈತಿ."

"ಎರಡೂ?"

"ಎರಡೂ."

ಮರ್ದಾನಸಾಬ ಉದ್ದಕ್ಕೆ ಉಸಿರು ಬಿಟ್ಟ. "ನನಗ ಗೊತ್ತಿರಲಿಲ್ಲಲೇ ಹುಲಗ್ಯಾ. ಕಣ್ಣಾಗೆಲ್ಲಾ ಮಣ್ಣ ಬಿದ್ದಿತ್ತು, ನನಗೇನೂ ಕಾಣಲಿಲ್ಲ. ಸೀಟಿ ಊದಿದ್ರು, ಕೈ ಎತ್ತಿಸಿದ್ರು. ನೀ ಇಷ್ಟ ವರ್ಷ ಮುಟ್ಟಿಲ್ಲ ಮುಟ್ಟಿಲ್ಲ ಅಂತ ಊರೆಲ್ಲಾ ಸಾರಿದ್ದಕ್ಕ, ನಾನೂ ಹಂಗ ಅಂತ ತಿಳಕೊಂಡಿದ್ನಿ. ನಾಳೆ ನಿನ್ನ ಕರದದ್ದು ಎಲ್ಲಾರ ಮುಂದ ಹುಲಗ್ಯಾ ಸೋತಿರಲಿಲ್ಲ ಅಂತ ಹೇಳಾಕ."

ದುರ್ಗಾ ಎದ್ದು ತನ್ನ ಕುರ್ಚಿಯನ್ನು ಅಪ್ಪನ ಹಿಂದಕ್ಕೆ ಸರಿಸಿದಳು. ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡೇ ಕುಂತ. ಅತ್ತ ಕಡೆಯವನೂ ಫೋನು ಇಡಲಿಲ್ಲ.