ಉಲ್ಟಾ ನಲ್ಲಿ

ನೆಲ ಒರೆಸಲೆಂದು ಬಕೆಟ್ಟಿಗೆ ನೀರು ಹಿಡಿದಿಟ್ಟು ಅವಳು ಮೊಳೆಗೆ ಕೈ ಹಾಕಿದರೆ ಒರೆಸುವ ಬಟ್ಟೆಯೇ ಇರಲಿಲ್ಲ. ಹುಡುಕಿದ್ದೇ ಹುಡುಕಿದ್ದು. ಕೊನೆಗೆ ಹಿತ್ತಿಲ ತಂತಿಯ ಮೇಲೆ ಸಿಕ್ಕಿತು. ಯಾರೋ ಚೆನ್ನಾಗಿ ಹಿಂಡಿ, ಅಂಚಿಗೆ ಅಂಚು ಕೂಡಿಸಿ ಒಣಹಾಕಿದ್ದರು. ಈ ಮನೆಯಲ್ಲಿ ಅಷ್ಟು ಓರಣ ಯಾರದು ಎಂದುಕೊಳ್ಳುತ್ತ ಒಳಗೆ ಬಂದವಳ ಮೂಗಿಗೆ ಪೆಟ್ರೋಲ್ ವಾಸನೆ ಬಡಿಯಿತು.

ಓಣಿಯಂಥ ನಡುಮನೆಯಲ್ಲಿ ನಿಲ್ಲಿಸಿದ್ದ ಗಂಡನ ಬೈಕಿನ ಕೆಳಗೆ ಪೆಟ್ರೋಲ್ ಮಡುಗಟ್ಟಿ, ಅಡುಗೆಮನೆಯ ಹೊಸ್ತಿಲವರೆಗೂ ಹರಿದಿತ್ತು. ಒಲೆ ಇನ್ನೂ ಹಚ್ಚಿರಲಿಲ್ಲ. ಅವಳು ಬೆಂಕಿಪೊಟ್ಟಣವನ್ನು ಸೆರಗಿಗೆ ಗಂಟು ಹಾಕಿಕೊಂಡು, ಕಿಟಕಿ ಬಾಗಿಲುಗಳನ್ನೆಲ್ಲ ತೆರೆದು, ಗಂಡನನ್ನು ಎಬ್ಬಿಸಿದಳು.

ಗಂಡ ಕೊಳಾಯಿ ಕೆಲಸದವನು. ಊರಿನವರ ಮನೆಯಲ್ಲೆಲ್ಲ ಸೋರುವ ನೀರು ನಿಲ್ಲಿಸಿ ಬರುವವರಿಗೆ ತಮ್ಮ ಗಾಡಿಯ ಪೆಟ್ರೋಲ್ ನಿಲ್ಲಿಸುವುದಕ್ಕೆ ಪುರಸೊತ್ತಿಲ್ಲ ಎಂದು ಅವಳು ಅಣಕಿಸುತ್ತಲೇ ಇದ್ದಳು. ಕಾರ್ಬುರೇಟರಿನೊಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ಸೂಜಿ. ಪೆಟ್ರೋಲ್ ಸಾಕಷ್ಟು ತುಂಬಿದಾಗ ತೂತು ಮುಚ್ಚುವುದು ಅದರ ಕೆಲಸ. ಅದರ ಮೂತಿ ಸವೆದು ಹೋಗಿತ್ತು. ಹೊಸದು ತಂದಿಟ್ಟು ಎಷ್ಟೋ ದಿನವಾಗಿ, ಅವಳ ಗುಂಡಿಡಬ್ಬಿಯಲ್ಲಿ ಗುಂಡಿಗಳ ಜೊತೆ ಬಿದ್ದಿತ್ತು. ಅದನ್ನು ಹಾಕುವವರೆಗೆ ಗಾಡಿ ನಿಲ್ಲಿಸಿದ ಕೂಡಲೇ ಟ್ಯಾಂಕಿನ ಕೆಳಗಿನ ನಲ್ಲಿ ಮುಚ್ಚಿದರೆ ಆಯಿತು ಎಂಬುದು ಅವನ ಲೆಕ್ಕ.

ಆ ನಲ್ಲಿಯದೂ ಒಂದು ಕಥೆ. ಹಿಂದೊಮ್ಮೆ ಬಿಚ್ಚಿ ಜೋಡಿಸುವಾಗ ಅವನೇ ಒಳಗಿನ ಬಿಲ್ಲೆಯನ್ನು ತಿರುವುಮುರುವು ಕೂರಿಸಿಬಿಟ್ಟಿದ್ದ. ಅಂದಿನಿಂದ ಮುಚ್ಚುವ ಗುರುತಿಗೆ ತಿರುಗಿಸಿದರೆ ತೆರೆಯುತ್ತಿತ್ತು, ತೆರೆಯುವ ಗುರುತಿಗೆ ತಿರುಗಿಸಿದರೆ ಮುಚ್ಚುತ್ತಿತ್ತು. ಇದು ಗೊತ್ತಿದ್ದದ್ದು ಅವನಿಗೆ, ಅವಳಿಗೆ, ಮಗಳಿಗೆ. ಸಂಜೆ ಅಪ್ಪ ಬಂದೊಡನೆ ಓಡಿಹೋಗಿ ನಲ್ಲಿ ಮುಚ್ಚುವುದು ಮಗಳ ಕೆಲಸ. ಆ ಹೊತ್ತಿನ ಅವಳ ಗತ್ತು ನೋಡಬೇಕು.

ಗಂಡ ಬಗ್ಗಿ ನಲ್ಲಿ ನೋಡಿದ. ಅದು ಮುಚ್ಚುವ ಗುರುತಿಗೆ ಸರಿಯಾಗಿ ನಿಂತಿತ್ತು. ಎಂದರೆ ರಾತ್ರಿಯೆಲ್ಲ ತೆರೆದೇ ಇತ್ತು; ಅವನು ಅದನ್ನು ತಿರುಗಿಸಿ ಮುಚ್ಚಿದ.

"ಪುಟ್ಟೀ, ನಿನ್ನೆ ಮರೆತುಬಿಟ್ಟೆಯಾ?"

"ಇಲ್ಲಪ್ಪ. ಉಲ್ಟಾನೇ ತಿರುಗಿಸಿದ್ದೆ. ಅಮ್ಮನ್ನ ಕೇಳು ಬೇಕಾದ್ರೆ." ಮಗಳ ಕೆಳತುಟಿ ಮುಂದೆ ಬಂತು.

ಅಮ್ಮ ನೋಡಿದ್ದಳು, ನಿಜ. ಹೌದೆಂದು ತಲೆಯಾಡಿಸಿದಳು. ಹಾಗಿದ್ದರೆ ಆಮೇಲೆ ಬೇರೊಬ್ಬರು ಅದನ್ನು ಮುಟ್ಟಿದ್ದಾರೆ. ನಲ್ಲಿ ಉಲ್ಟಾ ಎಂದು ಗೊತ್ತಿಲ್ಲದವರು, ಆದರೆ ಮುಚ್ಚಿಡುವಷ್ಟು ಜೋಪಾನದವರು.

ಮೂಲೆಯ ಕೋಣೆಯ ಬಾಗಿಲು ಮುಚ್ಚಿತ್ತು. ಮೈದುನ ಇನ್ನೂ ಎದ್ದಿರಲಿಲ್ಲ. ಮೂರ್ಛೆರೋಗ ಇರುವವನು ಗಾಡಿ ಮುಟ್ಟಕೂಡದೆಂದು ಡಾಕ್ಟರು ಖಡಾಖಂಡಿತ ಹೇಳಿದ ಮೇಲೆ ಅಣ್ಣ ಅವನನ್ನು ತಂದು ತನ್ನ ಮನೆಯಲ್ಲೇ ಇಟ್ಟುಕೊಂಡಿದ್ದ. ಮಗಳ ಜಡೆ ಹೆಣೆಯುವುದು ಈಗ ಅವನೇ. ಒಂದು ಕೂದಲೂ ಹೊರಗೆ ಬರದ ಹಾಗೆ, ಎಳೆಗೆ ಎಳೆ ಕೂಡಿಸಿ.

ಎದುರುಮನೆಯ ಇಸ್ತ್ರಿಯವಳು ಬಟ್ಟೆ ಕೊಡಲು ಬಂದವಳು, ವಾಸನೆಗೆ ಮೂಗು ಮುಚ್ಚಿಕೊಂಡೇ ಸುದ್ದಿ ಹೇಳಿದಳು. ಬೇಕರಿಯ ಮುದುಕ ರಾತ್ರಿ ಮನೆಗೆ ಹೋಗುವಾಗ ಸೇತುವೆ ಹತ್ತಿರ ಯಾವುದೋ ಮೋಟರ್‌ಬೈಕು ಗುದ್ದಿ ಹೋಗಿದೆ. ಆಸ್ಪತ್ರೆಗೆ ಸೇರಿಸಿದ್ದಾರೆ, ಇನ್ನೂ ಎಚ್ಚರ ಬಂದಿಲ್ಲ. ಪೊಲೀಸರು ಚಕ್ರದ ಗುರುತು ನೋಡಿದ್ದಾರೆ, ಗ್ಯಾರೇಜು ಗ್ಯಾರೇಜಿಗೂ ಹೋಗಿ ವಿಚಾರಿಸುತ್ತಾರಂತೆ.

"ಗುದ್ದಿದ್ದು ಗುದ್ದಿದ, ನಿಲ್ಸಿ ಎತ್ತಿದ್ರೆ ಆಗ್ತಿತ್ತು ಕಣಮ್ಮ," ಎಂದಳು ಹೊರಡುತ್ತ. "ಬೆಳಗಾಗೋವರೆಗೂ ಚರಂಡಿ ಪಕ್ಕದಲ್ಲೇ ಬಿದ್ದಿದ್ದನಂತೆ, ಪಾಪ."

ಅವಳನ್ನು ಕಳಿಸಿ ಇವಳು ಬಾಗಿಲು ಮುಂದೆ ಮಾಡಿ ತಿರುಗಿದಳು. ಆಗ ಕಣ್ಣಿಗೆ ಬಿದ್ದದ್ದು ಗಾಡಿಯ ಚಕ್ರ. ಹಿಂದಿನದು ಎಂದಿನಂತೆ ಧೂಳುಮಯ. ಮುಂದಿನದು ಮಾತ್ರ, ಮಡ್ಗಾರ್ಡು ಸಮೇತ, ತೊಳೆದು ಒರೆಸಿದ ಹಾಗೆ ಥಳಥಳ ಹೊಳೆಯುತ್ತಿತ್ತು. ಕೈಯಲ್ಲಿದ್ದ ಒರೆಸುವ ಬಟ್ಟೆ ಇದ್ದಕ್ಕಿದ್ದಂತೆ ಭಾರವಾಯಿತು. ಅದನ್ನು ಬಿಡಿಸಿ ನೋಡುವ ಧೈರ್ಯ ಅವಳಿಗೆ ಬರಲಿಲ್ಲ.

ಗಂಡನೂ ನೋಡಿದ್ದ. ಕಾರ್ಬುರೇಟರಿನ ಬಟ್ಟಲು ಬಿಚ್ಚಿ, ಒಳಗೆ ಸೂಜಿಯನ್ನು ಏರಿಳಿಸುವ ತೇಲುಬುರುಡೆಯ ಕಡ್ಡಿ ಎಳೆಯುವಾಗ ಅದು ಕೈಜಾರಿ ನೆಲದ ಮೇಲೆ ಎಲ್ಲೋ ಹೋಯಿತು. ಪೈಪಿನೊಳಗೆ ಬೆರಳಿಟ್ಟೇ ಬಿರುಕು ಹೇಳುವ ಕೈ ಅದು.

ಮಗಳು ಮಂಡಿಯೂರಿ ಹುಡುಕಿ ಕಡ್ಡಿ ಎತ್ತಿಕೊಟ್ಟಳು. "ಅಮ್ಮಾ, ರಾತ್ರಿ ನಾನು..."

"ಅಪ್ಪ ಕೆಲಸ ಮಾಡ್ತಿದ್ದಾರೆ ಚಿನ್ನಾ, ಆಮೇಲೆ," ಎಂದು ಅವಳು ಮಗಳ ತಲೆ ಸವರಿದಳು. ಬೆರಳಿಗೆ ನಿನ್ನೆಯ ಜಡೆ ಸಿಕ್ಕಿತು. ಇನ್ನೂ ಬಿಚ್ಚಿರಲಿಲ್ಲ.

ಸವೆದ ಸೂಜಿ ಹೊರಗೆ ಬಂತು, ಹೊಸದು ಒಳಗೆ ಕೂತಿತು. ಬಟ್ಟಲು ಬಿಗಿದು, ನೆಲದ ಪೆಟ್ರೋಲನ್ನು ಹಳೆಯ ಗೋಣಿಯಿಂದ ಒರೆಸಿ, ಗಂಡ ನಲ್ಲಿ ತೆರೆದ. ಮೂವರೂ ಬಗ್ಗಿ ಕಾದರು. ಒಂದು ಹನಿಯೂ ಬೀಳಲಿಲ್ಲ.

"ನಿಂತಿತು," ಎಂದ. ಆದರೆ ಎದ್ದು ನಿಲ್ಲಲಿಲ್ಲ. ಸವೆದ ಸೂಜಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ಮೂಲೆಯ ಕೋಣೆಯತ್ತ ನೋಡುತ್ತ ಕೂತೇ ಇದ್ದ. ಕೇಳಿದರೆ ತಮ್ಮ ಜೈಲಿಗೆ ಹೋದಂತೆ. ಕೇಳದಿದ್ದರೆ? ಅವಳು ಗಂಡನ ಮುಖ ನೋಡಿದಳು, ಅವನು ಅವಳದು.

ಬಾಗಿಲ ಚಿಲಕ ಸರಿಯಿತು. ಮೈದುನ ತಲೆ ಬಾಚಿಕೊಂಡೇ ಹೊರಗೆ ಬಂದ. ಬಲಗೈಯನ್ನು ಎದೆಗೆ ಒತ್ತಿ ಹಿಡಿದಿದ್ದ. ಗಾಡಿಯ ಕಡೆ ನೋಡಲೇ ಇಲ್ಲ.

"ಅತ್ತಿಗೆ, ಟೀ ಆಯ್ತಾ?"

ಅವಳು ಬೆಂಕಿಪೊಟ್ಟಣಕ್ಕೆಂದು ಸೆರಗಿನ ಗಂಟು ಬಿಚ್ಚಲು ಹೋದಳು. ಅಷ್ಟರಲ್ಲಿ ಮಗಳು ಬಾಚಣಿಗೆ ಹಿಡಿದು ದಿನವೂ ಹೋಗುವ ಹಾಗೆ ಚಿಕ್ಕಪ್ಪನ ಮುಂದೆ ಹೋಗಿ ನಿಂತಳು. ಆದರೆ ಬೆನ್ನು ತಿರುಗಿಸಿ ಕೂರಲಿಲ್ಲ. ಅವನ ಮುಖವನ್ನೇ ನೋಡುತ್ತ ಕೇಳಿದಳು:

"ಚಿಕ್ಕಪ್ಪ, ರಾತ್ರಿ ನೀನು ಗಾಡಿ ತಳ್ಕೊಂಡು ಒಳಗೆ ಬಂದಾಗ ಯಾಕೆ ಅಳ್ತಿದ್ದೆ?"